ನೀರು ಸೋಕಿದರೆ ಕೆರಳುವ ರಾಸಾಯನಿಕ ಚೆಲ್ಲಿದಾಗ: ಮಲೆನಾಡಿನ ದಾರಿಗೂ ಗೋದಾಮಿಗೂ ಒಂದು ಮಾರ್ಗದರ್ಶಿ

ಅಂಗಳದಲ್ಲಿ ಸೆಗಣಿ ಬಿದ್ದರೂ, ಗ್ಯಾರೇಜಿನ ನೆಲದ ಮೇಲೆ ಎಣ್ಣೆ ಚೆಲ್ಲಿದರೂ, ಎಲ್ಲಿಂದಲೋ ಹೊಗೆ ಎದ್ದರೂ ಒಂದು ಕೊಡ ನೀರು ತಂದು ಸುರಿಯುವುದು ಮಲೆನಾಡಿನವರಾದ ನಮಗೆ ಯೋಚಿಸದೆಯೇ ಬರುವ ಅಭ್ಯಾಸ. ನೀರಿಗೆ ಬರವಿಲ್ಲದ ಸೀಮೆಯಲ್ಲಿ ಅದು ತಪ್ಪೂ ಅಲ್ಲ. ಆದರೆ ಕೆಲವು ದ್ರವ ರಾಸಾಯನಿಕಗಳ ವಿಷಯದಲ್ಲಿ ಆ ಒಂದು ಕೊಡ ನೀರೇ ಅಪಘಾತವನ್ನು ದುರಂತವಾಗಿಸುತ್ತದೆ. ಅದೇ ದ್ರವ ಮನುಷ್ಯನ ಮೈಮೇಲೆ ಬಿದ್ದಿದ್ದರೆ ಮಾತ್ರ ನೀರನ್ನು ಬಿಟ್ಟು ಬೇರೆ ಮದ್ದಿಲ್ಲ. ಎಲ್ಲಿ ನೀರು ಕೂಡದು, ಎಲ್ಲಿ ನೀರೇ ಬೇಕು ಎಂಬ ಈ ವ್ಯತ್ಯಾಸ ಗೊತ್ತಿಲ್ಲದವರು ಎರಡೂ ಕಡೆ ಎಡವುತ್ತಾರೆ; ನೆಲದ ಮೇಲೆ ನೀರು ಸುರಿಯುತ್ತಾರೆ, ಮೈಗೆ ಅರಿಶಿನ ಹಚ್ಚುತ್ತಾರೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಒಂದು ಜುಲೈ ತಿಂಗಳ ಮಧ್ಯಾಹ್ನ ಥಯೋನಿಲ್ ಕ್ಲೋರೈಡ್ ತುಂಬಿದ್ದ ಗಾಜಿನ ಬಾಟಲಿಯೊಂದು ಇಳಿಸುವಾಗ ಕೈಜಾರಿ ಒಡೆಯಿತು. ಚೆಲ್ಲಿದ್ದು ಅರ್ಧ ಲೀಟರಿಗಿಂತ ಹೆಚ್ಚಿರಲಾರದು. ಮಳೆಯಿಂದ ತೇವವಾಗಿದ್ದ ಸಿಮೆಂಟು ನೆಲದ ಮೇಲೆ ಅದು ಸಣ್ಣಗೆ ಬಿಳಿ ಹೊಗೆಯಾಡತೊಡಗಿತು. ಪಕ್ಕದಲ್ಲಿದ್ದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಬಕೆಟ್ ನೀರು ತಂದು ಎರಚಿದ. ನೀರು ಬಿದ್ದ ಕ್ಷಣ ಕಾದ ಕಾವಲಿಗೆ ಹಿಟ್ಟು ಹುಯ್ದಂತೆ ಚುರ್ ಎಂದು ಸದ್ದಾಗಿ, ದಪ್ಪ ಬಿಳಿ ಮೋಡ ಅವನ ಎದೆಯ ಮಟ್ಟಕ್ಕೆ ಎದ್ದಿತು. ಕೆಮ್ಮುತ್ತಲೇ ಹೊರಗೋಡಿ ಬಂದ ಅವನು ಸಂಜೆಯ ಹೊತ್ತಿಗೆ ಚೆನ್ನಾಗಿಯೇ ಇದ್ದ, ಕಾಫಿ ಕುಡಿದು ಮನೆಗೂ ಹೋದ. ಉಸಿರು ಕಟ್ಟತೊಡಗಿದ್ದು ರಾತ್ರಿ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಸಂಜೆಯೇ ಅವನನ್ನು ವೈದ್ಯರಿಗೆ ತೋರಿಸಬೇಕಿತ್ತು ಎಂಬುದು ಅಲ್ಲಿದ್ದ ಯಾರಿಗೂ, ನನಗೂ, ಹೊಳೆಯಲಿಲ್ಲ.

ಯಾವ ದ್ರವಗಳ ಮಾತಿದು

ಅಡಿಕೆ ತೋಟಕ್ಕೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕದಡುವವರಿಗೆ ಈ ಗುಣವನ್ನು ಹೊಸದಾಗಿ ವಿವರಿಸಬೇಕಿಲ್ಲ. ಸುಟ್ಟ ಸುಣ್ಣದ ಹರಳಿಗೆ ನೀರು ಹಾಕಿದಾಗ ಅದು ಕೊತಕೊತ ಕುದಿದು, ಆವಿಯೆದ್ದು, ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುವುದನ್ನು ಅವರು ಕಂಡೇ ಇರುತ್ತಾರೆ. ನಾವಿಲ್ಲಿ ಹೇಳುತ್ತಿರುವ ದ್ರವಗಳಲ್ಲೂ ನಡೆಯುವುದು ಅಂಥದೇ ಪ್ರತಿಕ್ರಿಯೆ, ಆದರೆ ಏಳುವುದು ಬರೀ ನೀರಾವಿಯಲ್ಲ. ಥಯೋನಿಲ್ ಕ್ಲೋರೈಡಿಗೆ ನೀರು ಸೇರಿದರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಸಲ್ಫರ್ ಡೈಆಕ್ಸೈಡ್ ಎಂಬ ಎರಡು ವಿಷಾನಿಲಗಳು ಹುಟ್ಟುತ್ತವೆ. ಲೆಕ್ಕ ಹಾಕಿದರೆ ಒಂದು ಕಿಲೋ ಥಯೋನಿಲ್ ಕ್ಲೋರೈಡನ್ನು ಪೂರ್ತಿಯಾಗಿ ಅನಿಲವಾಗಿಸಲು ಸುಮಾರು 150 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು ನೀರು ಸಾಕು. ಅದರಿಂದ ಹೊರಬರುವ ಅನಿಲ ಸುಮಾರು 600 ಲೀಟರ್. ಫಾಸ್ಫರಸ್ ಆಕ್ಸಿಕ್ಲೋರೈಡ್, ಫಾಸ್ಫರಸ್ ಟ್ರೈಕ್ಲೋರೈಡ್, ಟೈಟೇನಿಯಂ ಟೆಟ್ರಾಕ್ಲೋರೈಡ್, ಕ್ಲೋರೋಸಲ್ಫೋನಿಕ್ ಆ್ಯಸಿಡ್, ಅಸಿಟೈಲ್ ಕ್ಲೋರೈಡ್, ಹೊಗೆಯಾಡುವ ಗಂಧಕಾಮ್ಲವಾದ ಓಲಿಯಂ, ಕ್ಲೋರೋಸಿಲೇನ್‌ಗಳು, ಇವೆಲ್ಲ ಇದೇ ಕುಲಕ್ಕೆ ಸೇರಿದವು. ಔಷಧ, ಬಣ್ಣ ಮತ್ತು ಕೀಟನಾಶಕಗಳ ತಯಾರಿಕೆಯಲ್ಲಿ ಇವುಗಳಲ್ಲಿ ಹಲವು ದಿನನಿತ್ಯ ಬಳಕೆಯಾಗುತ್ತವೆ. ಆದುದರಿಂದ ಇಂಥ ಕಾರ್ಖಾನೆಗಳಿಲ್ಲದ ಊರಿನ ಹೆದ್ದಾರಿಯಲ್ಲೂ ಇವು ಓಡಾಡುವ ಸಾಧ್ಯತೆ ಇದ್ದೇ ಇದೆ.

ಇವುಗಳಲ್ಲಿ ಫಾಸ್ಫರಸ್ ಆಕ್ಸಿಕ್ಲೋರೈಡಿನದು ಒಂದು ಕಪಟ. ಅದು ನೀರಿಗಿಂತ ಭಾರವಾದದ್ದರಿಂದ ನಿಂತ ನೀರಿಗೆ ಬಿದ್ದರೆ ಕೆಳಗೆ ಇಳಿದು, ಸ್ವಲ್ಪ ಹೊತ್ತು ಏನೂ ಆಗಿಲ್ಲವೆಂಬಂತೆ ತಳದಲ್ಲಿ ಉಳಿದು, ಬಳಿಕ ಒಮ್ಮೆಲೇ ಉಕ್ಕಬಹುದು. ರಸ್ತೆ ಬದಿಯ ಗುಂಡಿಯಲ್ಲಿ ಸದ್ದಿಲ್ಲದೆ ನಿಂತಿದೆ ಎಂದು ಹತ್ತಿರ ಹೋಗಿ ಇಣುಕುವುದು ಸಲ್ಲದು.

ನೀರು ಇಂಥ ದ್ರವದೊಂದಿಗೆ ಸೇರಿದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶಕ್ಕೆ ಬೇರೆ ಉದಾಹರಣೆ ಬೇಡ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲ್‌ನಲ್ಲಿ ಮೀಥೈಲ್ ಐಸೋಸಯನೇಟ್ ತುಂಬಿದ್ದ 610ನೇ ಸಂಖ್ಯೆಯ ಟ್ಯಾಂಕಿನೊಳಕ್ಕೆ ನೀರು ಸೇರಿ, ಶಾಖವೂ ಒತ್ತಡವೂ ಏರಿ, ಸುಮಾರು 40 ಟನ್ ವಿಷ ಊರಿನ ಮೇಲೆ ಹರಡಿತು. ಆ ದ್ರವದ ಕುದಿಯುವ ಬಿಂದು ಕೇವಲ 39 ಡಿಗ್ರಿ ಸೆಲ್ಸಿಯಸ್. ಇಂದು ನಾವು ನೆಚ್ಚಿರುವ 1986ರ ಪರಿಸರ ಸಂರಕ್ಷಣಾ ಕಾಯ್ದೆ, 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1996ರ ರಾಸಾಯನಿಕ ಅಪಘಾತಗಳ ನಿಯಮಗಳು, ಇವೆಲ್ಲ ಬಂದದ್ದು ಆ ರಾತ್ರಿಯ ನಂತರ.

ಮೊದಲು ದೂರ, ಆಮೇಲೆ ಫೋನು

ಉರುಳಿದ ಲಾರಿಯನ್ನು ಕಂಡರೆ ಓಡಿಹೋಗಿ ಚಾಲಕನನ್ನು ಎಳೆಯುವುದು ನಮ್ಮ ಜನರ ಒಳ್ಳೆಯ ಗುಣ. ಆದರೂ ಟ್ಯಾಂಕರ್ ಅಥವಾ ಡ್ರಮ್ಮುಗಳ ಲಾರಿಯಾಗಿದ್ದರೆ ಐವತ್ತು ಮೀಟರ್ ಹಿಂದೆಯೇ ನಿಲ್ಲಿ. ಇಂಥ ದ್ರವ ಚೆಲ್ಲಿದಾಗ ಎಲ್ಲ ದಿಕ್ಕಿಗೂ ಕನಿಷ್ಠ 50 ಮೀಟರ್ ಜಾಗವನ್ನು ಖಾಲಿ ಮಾಡಿಸಬೇಕು, ಟ್ಯಾಂಕರಿಗೇ ಬೆಂಕಿ ತಗುಲಿದ್ದರೆ 800 ಮೀಟರ್ ದೂರ ಸರಿಯಬೇಕು ಎಂಬುದು ತುರ್ತು ಸ್ಪಂದನೆಯ ಕೈಪಿಡಿಗಳು ಹೇಳುವ ಮೊದಲ ಅಳತೆ. ಐವತ್ತು ಮೀಟರ್ ಎಂಬುದು ಆರಂಭ ಮಾತ್ರ. ಗಾಳಿ ಬೀಸುವ ದಿಕ್ಕಿನಲ್ಲಿ, ಮಳೆ ಬರುತ್ತಿರುವಾಗ, ದ್ರವ ಚರಂಡಿಯ ನೀರಿಗೆ ಇಳಿದಿರುವಾಗ ಅದು ಏನೇನೂ ಸಾಲದು.

ಮಲೆನಾಡಿನಲ್ಲಿ ಇಲ್ಲೊಂದು ತೊಡಕಿದೆ. ಬೇರೆ ಕಡೆ ನೆಲಮಟ್ಟದ ಬಿಳಿ ಹೊಗೆಯೇ ಎಚ್ಚರಿಕೆ ಕೊಡುತ್ತದೆ. ನಮ್ಮ ಘಾಟಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಳಿ ಮಂಜು ರಸ್ತೆಯ ಮೇಲೆಯೇ ಮಲಗಿರುತ್ತದೆ. ಮಂಜು ಯಾವುದು, ಆ್ಯಸಿಡ್ ಹೊಗೆ ಯಾವುದು ಎಂದು ಕಣ್ಣಿನಿಂದ ಹೇಳಲಾಗದು. ಮೂಗಿಗೆ ಘಾಟು ಬಡಿದರೆ, ಕಣ್ಣು ಉರಿದು ನೀರು ಸುರಿದರೆ, ಗಂಟಲು ಕೆರೆದು ಕೆಮ್ಮು ಬಂದರೆ ಅದು ಮಂಜಲ್ಲ. ಪರೀಕ್ಷಿಸಿ ನೋಡೋಣವೆಂದು ಇನ್ನೆರಡು ಹೆಜ್ಜೆ ಮುಂದಿಡಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ. ವಾಹನದಲ್ಲಿದ್ದರೆ ಕಿಟಕಿ ಏರಿಸಿ, ಫ್ಯಾನು ಮತ್ತು ಎ.ಸಿ. ಆರಿಸಿ, ರಿವರ್ಸ್ ತೆಗೆದುಕೊಳ್ಳಿ.

ಸುರಕ್ಷಿತ ದೂರಕ್ಕೆ ಬಂದ ಮೇಲೆ 112ಕ್ಕೆ ಕರೆ ಮಾಡಿ. ಅಗ್ನಿಶಾಮಕಕ್ಕೆ 101, ಆಂಬ್ಯುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077. ಕರೆ ಮಾಡಿದವರು ಹೇಳಬೇಕಾದ ಮೊದಲ ವಾಕ್ಯ ‘ಲಾರಿ ಪಲ್ಟಿಯಾಗಿದೆ’ ಎಂದಲ್ಲ, ‘ರಾಸಾಯನಿಕ ಚೆಲ್ಲಿದೆ, ಹೊಗೆಯಾಡುತ್ತಿದೆ, ನೀರು ಹಾಕಬಾರದ್ದು ಇರಬಹುದು’ ಎಂದು. ಆ ಕೊನೆಯ ಮಾತು ಅಗ್ನಿಶಾಮಕ ದಳದವರು ಹೊರಡುವ ಮೊದಲೇ ತಲುಪಿದರೆ ಅವರು ಯಾವ ಸಾಮಾನು ಹೇರಿಕೊಂಡು ಬರಬೇಕೆಂಬುದು ಬದಲಾಗುತ್ತದೆ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ತಿರುವುಗಳು ಬೇಕಾದಷ್ಟಿವೆ; ಹಾಗಿದ್ದಲ್ಲಿ ಮೇಲಿನಿಂದ ಇಳಿಯುವ ಒಂದು ವಾಹನ, ಕೆಳಗಿನಿಂದ ಹತ್ತುವ ಒಂದು ವಾಹನ, ಎರಡನ್ನೂ ತಡೆದು ಹಿಂದಕ್ಕೆ ಕಳುಹಿಸಿ ಸುದ್ದಿ ಮುಟ್ಟಿಸಿ. ಇದರಿಂದ ರಸ್ತೆಯನ್ನು ಎರಡೂ ಕಡೆ ಬಂದ್ ಮಾಡಿದ ಹಾಗೂ ಆಗುತ್ತದೆ.

ಟ್ಯಾಂಕರಿನ ಬೆನ್ನಿನ ಹಲಗೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ವಾಹನದ ಎರಡೂ ಬದಿಗಳಲ್ಲಿ ಮತ್ತು ಹಿಂಬದಿಯಲ್ಲಿ ತುರ್ತು ಮಾಹಿತಿಯ ಹಲಗೆ ಇರಬೇಕು. ಅದರಲ್ಲಿ ರಾಸಾಯನಿಕದ ಹೆಸರು, ನಾಲ್ಕಂಕಿಯ ಯುಎನ್ ಸಂಖ್ಯೆ (ಅಪಾಯಕಾರಿ ವಸ್ತುವನ್ನು ಗುರುತಿಸಲು ವಿಶ್ವಸಂಸ್ಥೆಯ ಪಟ್ಟಿ ಕೊಡುವ ಸಂಖ್ಯೆ), ಅಪಾಯದ ವರ್ಗವನ್ನು ತೋರಿಸುವ ವಜ್ರಾಕೃತಿಯ ಚಿತ್ರ ಮತ್ತು ತುರ್ತು ದೂರವಾಣಿ ಸಂಖ್ಯೆ ಕಾಣುತ್ತವೆ. ತುರ್ತಿನಲ್ಲಿ ಏನು ಮಾಡಬೇಕೆಂದು ತಿಳಿಸುವ ಹ್ಯಾಜ್‌ಕೆಮ್ ಎಂಬ ಚಿಕ್ಕ ಸಂಕೇತವೂ ಇರುತ್ತದೆ. ಹತ್ತಿರ ಹೋಗಿ ಓದಬೇಕಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಒಂದು ಫೋಟೊ ತೆಗೆದರೆ ದೂರದಿಂದಲೇ ಎಲ್ಲವೂ ಸಿಗುತ್ತದೆ. ಅದೇ ಫೋಟೊ ಮುಂದೆ ಆಸ್ಪತ್ರೆಯ ವೈದ್ಯರಿಗೂ ಬೇಕಾಗುತ್ತದೆ.

ಹ್ಯಾಜ್‌ಕೆಮ್ ಸಂಕೇತದ ಮೊದಲ ಅಂಕಿಯೇ ನಮಗೆ ಮುಖ್ಯ. 1 ಎಂದರೆ ನೀರಿನ ಧಾರೆ, 2 ಎಂದರೆ ತುಂತುರು, 3 ಎಂದರೆ ನೊರೆ, 4 ಎಂದರೆ ಒಣ ಪದಾರ್ಥ ಮಾತ್ರ. ಅಂಕಿ 4 ಕಂಡರೆ ನೀರಿನ ಪೈಪನ್ನು ಸುರುಳಿಯಿಂದ ಬಿಚ್ಚಲೇಬೇಡಿ. ಅದರ ಮುಂದಿನ ಅಕ್ಷರ ಪಿ, ಆರ್, ಎಸ್, ಟಿ ಆಗಿದ್ದರೆ ಹೆಚ್ಚು ನೀರಿನಲ್ಲಿ ತೆಳುಗೊಳಿಸಿ ಹರಿಯಬಿಡಬಹುದಾದದ್ದು, ಡಬ್ಲ್ಯು, ಎಕ್ಸ್, ವೈ, ಝಡ್ ಆಗಿದ್ದರೆ ಹರಿಯಬಿಡದೆ ಒಡ್ಡು ಕಟ್ಟಿ ಹಿಡಿಯಬೇಕಾದದ್ದು ಎಂದರ್ಥ. ಕೊನೆಯಲ್ಲಿ ಇ ಎಂಬ ಅಕ್ಷರವಿದ್ದರೆ ಸುತ್ತಲಿನ ಜನರನ್ನು ತೆರವು ಮಾಡುವುದನ್ನು ಯೋಚಿಸಲೇಬೇಕು. ಸಾಂದ್ರ ಗಂಧಕಾಮ್ಲದ ಯುಎನ್ ಸಂಖ್ಯೆ 1830, ಓಲಿಯಂನದು 1831, ಥಯೋನಿಲ್ ಕ್ಲೋರೈಡಿನದು 1836, ಫಾಸ್ಫರಸ್ ಆಕ್ಸಿಕ್ಲೋರೈಡಿನದು 1810, ಟೈಟೇನಿಯಂ ಟೆಟ್ರಾಕ್ಲೋರೈಡಿನದು 1838. ಒಂದೇ ಒಂದು ಅಂಕಿ ತಪ್ಪಾಗಿ ಕೇಳಿಸಿದರೂ ರಾಸಾಯನಿಕವೇ ಬೇರೆಯಾಗುವುದರಿಂದ ಫೋನಿನಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿ. ಚಾಲಕ ಮಾತಾಡುವ ಸ್ಥಿತಿಯಲ್ಲಿದ್ದರೆ ಅವನ ಕ್ಯಾಬಿನ್ನಿನಲ್ಲಿ ಇರಬೇಕಾದ ಟ್ರೆಮ್ ಕಾರ್ಡನ್ನು, ಅಂದರೆ ಸಾಗಣೆಯ ತುರ್ತು ಸೂಚನೆಗಳ ಚೀಟಿಯನ್ನು, ಕೇಳಿ. ಹಲಗೆಯ ಮೇಲೆ ಕೆಸರು ಮೆತ್ತಿ ಏನೂ ಕಾಣದಿದ್ದರೆ ಅಂಕಿ 4 ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಗಾಳಿ, ಇಳಿಜಾರು ಮತ್ತು ಹಂಚಿನ ಮಾಡು

ಹೈಡ್ರೋಜನ್ ಕ್ಲೋರೈಡ್ ಗಾಳಿಗಿಂತ ಸುಮಾರು ಒಂದೂಕಾಲು ಪಟ್ಟು, ಸಲ್ಫರ್ ಡೈಆಕ್ಸೈಡ್ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು ಭಾರ. ಭಾರವಾದ ಅನಿಲ ನೀರಿನಂತೆಯೇ ಇಳಿಜಾರನ್ನು ಹುಡುಕಿಕೊಂಡು ಹೋಗುತ್ತದೆ. ಹಳ್ಳದ ಪಾತ್ರ, ಗದ್ದೆಯ ಬಯಲು, ತೋಟದ ಕಪ್ಪು (ಬಸಿಗಾಲುವೆ) ಅದರ ದಾರಿಗಳು. ಆದುದರಿಂದ ಓಡುವುದಾದರೆ ಗಾಳಿಗೆ ಅಡ್ಡವಾಗಿ ಮತ್ತು ಏರಿನ ಕಡೆಗೆ ಓಡಬೇಕು. ಕೆಳಗಿನ ತೋಟಕ್ಕೆ ಇಳಿದು ಅವಿತುಕೊಂಡರೆ ಅನಿಲವೂ ಅಲ್ಲಿಗೇ ಬರುತ್ತದೆ. ಕಣಿವೆಗಳಲ್ಲಿ ಬಿಸಿಲಿನ ಹೊತ್ತು ಗಾಳಿ ಗುಡ್ಡವನ್ನು ಹತ್ತುತ್ತದೆ, ರಾತ್ರಿ ತಣ್ಣಗಾದ ಮೇಲೆ ಇಳಿಯುತ್ತದೆ. ಹಾಗಾಗಿ ಸಂಜೆ ಐದಕ್ಕೆ ಸುರಕ್ಷಿತವಾಗಿದ್ದ ಕೆಳಗಿನ ಮನೆ ರಾತ್ರಿ ಎಂಟಕ್ಕೆ ಸುರಕ್ಷಿತವಾಗಿರುತ್ತದೆಂದು ಹೇಳಲಾಗದು. ಗಾಳಿಯ ದಿಕ್ಕನ್ನು ಅರ್ಧ ಗಂಟೆಗೊಮ್ಮೆ ನೋಡುತ್ತಿರಬೇಕು. ಒಂದು ಕೋಲಿನ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಸಾಕು.

ಅನಿಲ ಸೋರಿದಾಗ ಮನೆಯೊಳಗೇ ಇದ್ದು ಕಿಟಕಿ ಬಾಗಿಲು ಮುಚ್ಚಿಕೊಳ್ಳಿ ಎಂಬ ಸಲಹೆಯನ್ನು ಎಲ್ಲ ಕಡೆ ಕೊಡುತ್ತಾರೆ. ತಾರಸಿ ಮನೆಗೆ ಅದು ಸರಿ. ಆದರೆ ಮಂಗಳೂರು ಹಂಚಿನ ಮಾಡಿನ, ಗೋಡೆಗೂ ಮಾಡಿಗೂ ನಡುವೆ ಕೈ ತೂರುವಷ್ಟು ಸಂದಿಯಿರುವ ನಮ್ಮ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಸಿಗುವ ರಕ್ಷಣೆ ಅಷ್ಟಕ್ಕಷ್ಟೇ. ಹೊರಡಲು ಸಮಯವಿದ್ದು ದಾರಿ ಗಾಳಿಗೆ ಅಡ್ಡವಾಗಿದ್ದರೆ ಹೊರಡುವುದೇ ಲೇಸು. ಮೋಡ ಆಗಲೇ ಅಂಗಳಕ್ಕೆ ಬಂದಿದ್ದರೆ ಮಾತ್ರ ಅಟ್ಟವಿರುವ ಒಳಕೋಣೆಗೆ ಸೇರಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಹೈಡ್ರೋಜನ್ ಕ್ಲೋರೈಡ್ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಮೂಗು ಬಾಯಿಗೆ ಹಿಡಿದ ಒದ್ದೆ ಟವೆಲ್ ಓಡಿಹೋಗುವಷ್ಟು ಹೊತ್ತಿಗೆ ಸ್ವಲ್ಪ ಉಪಯೋಗಕ್ಕೆ ಬರುತ್ತದೆ, ಅದನ್ನು ಕಟ್ಟಿಕೊಂಡು ಒಳಗೆ ಹೋಗಿ ಕೆಲಸ ಮಾಡಲು ಅಲ್ಲ. ಹೊರಡುವಾಗ ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿಬಿಡಿ. ಹೊಡೆದುಕೊಂಡು ಹೋಗಲು ನಿಲ್ಲಬೇಡಿ.

ಮೈಮೇಲೆ ಬಿದ್ದರೆ ನೀರೇ ಮದ್ದು

ನೀರಿನೊಂದಿಗೆ ಕೆರಳುವ ವಸ್ತುವನ್ನು ಮೈಮೇಲೆ ನೀರಿನಿಂದ ತೊಳೆಯುವುದು ಹೇಗೆ ಎಂದು ತರಬೇತಿಗಳಲ್ಲಿ ಪ್ರತಿಸಲವೂ ಯಾರಾದರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಚರ್ಮದಲ್ಲಿ, ಬೆವರಿನಲ್ಲಿ, ಕಣ್ಣಿನಲ್ಲಿ ನೀರು ಆಗಲೇ ಇದೆ. ಆ ದ್ರವ ಚರ್ಮವನ್ನು ಮುಟ್ಟಿದ ಕ್ಷಣದಿಂದಲೇ ಪ್ರತಿಕ್ರಿಯೆ ಶುರುವಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಒಳಗೊಳಗೇ ಸುಡುತ್ತದೆ. ಸ್ವಲ್ಪ ನೀರು ಹಾಕಿದರೆ ಬಿಸಿ ಹೆಚ್ಚುತ್ತದೆ. ಧಾರಾಳವಾಗಿ, ಹರಿಯುವ ನೀರು ಹಾಕಿದರೆ ಮಾತ್ರ ಹುಟ್ಟಿದ ಬಿಸಿಯೂ ಆಮ್ಲವೂ ಕೊಚ್ಚಿಹೋಗುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಚೊಂಬಿನಲ್ಲಿ ಅಷ್ಟಿಷ್ಟು ಚಿಮುಕಿಸುವುದು ಕೂಡದು ಎಂಬುದು ಇದಕ್ಕಾಗಿಯೇ.

ಕ್ರಮ ಹೀಗಿರಲಿ. ಗಾಯಾಳುವನ್ನು ಹೊಗೆಯಿಂದ ಹೊರಗೆ, ಗಾಳಿಯ ಮೇಲ್ದಿಕ್ಕಿಗೆ ತಂದ ನಂತರವೇ ಉಳಿದದ್ದು. ತರುವವರೂ ಕೈಗವಸಿಲ್ಲದೆ ಅವರ ಬಟ್ಟೆಯನ್ನು ಮುಟ್ಟಬಾರದು. ಬಟ್ಟೆಯನ್ನು ತಲೆಯ ಮೇಲಿಂದ ಎಳೆದರೆ ದ್ರವ ಮುಖಕ್ಕೆ ಸವರಿಬಿಡುತ್ತದೆ, ಆದ್ದರಿಂದ ಕತ್ತರಿ ಹಾಕಿ ಕತ್ತರಿಸಿ ತೆಗೆಯಿರಿ. ಉಡಿದಾರ, ಉಂಗುರ, ಬೆಲ್ಟು, ಬೂಟು ಎಲ್ಲವೂ ಹೋಗಬೇಕು, ಏಕೆಂದರೆ ದ್ರವ ಹೆಚ್ಚು ಹೊತ್ತು ನಿಲ್ಲುವುದು ಅವುಗಳ ಅಡಿಯಲ್ಲೇ. ಚರ್ಮದ ಮೇಲೆ ಹನಿಹನಿಯಾಗಿ ನಿಂತದ್ದನ್ನು ಒಣಬಟ್ಟೆಯಿಂದ ಉಜ್ಜದೆ ಒತ್ತಿ ಹೀರಿಸಿ; ಇದಕ್ಕೆ ಕೆಲವೇ ಸೆಕೆಂಡು ಸಾಕು, ಒಣಬಟ್ಟೆ ಕೈಗೆ ಸಿಗಲಿಲ್ಲವೆಂದು ನೀರಿಗೆ ತಡ ಮಾಡಬಾರದು. ಆಮೇಲೆ ಕನಿಷ್ಠ 20 ನಿಮಿಷ ಹರಿಯುವ ನೀರು. ಗಡಿಯಾರ ನೋಡಿಯೇ ಎಣಿಸಿ, ಉರಿ ಪಡುವವರಿಗೂ ನೋಡುವವರಿಗೂ ಐದು ನಿಮಿಷವೇ ಅರ್ಧ ಗಂಟೆಯಂತೆ ಅನ್ನಿಸುತ್ತದೆ.

ಈ ವಿಷಯದಲ್ಲಿ ಮಲೆನಾಡಿನ ಮನೆಗಳಿಗೆ ಒಂದು ಅನುಕೂಲವಿದೆ. ಗುಡ್ಡದ ಒರತೆಯಿಂದ ಅಡಿಕೆ ದಂಬೆಯಲ್ಲೋ ಪೈಪಿನಲ್ಲೋ ಹಗಲಿರುಳು ಬಂದು ಬೀಳುವ ಅಬ್ಬಿ ನೀರಿಗಿಂತ ಒಳ್ಳೆಯ ತುರ್ತು ಸ್ನಾನದ ವ್ಯವಸ್ಥೆಯನ್ನು ಎಷ್ಟೋ ಕಾರ್ಖಾನೆಗಳು ಇಟ್ಟುಕೊಂಡಿಲ್ಲ. ಅದರ ಕೆಳಗೆ ನಿಲ್ಲಿಸಿ. ಮಳೆಗಾಲದ ಅಬ್ಬಿ ನೀರಿನ ಚಳಿಯಲ್ಲಿ 20 ನಿಮಿಷ ನಿಂತವರು ನಡುಗುತ್ತಾರೆ, ಆದುದರಿಂದ ತೊಳೆದಾದ ಕೂಡಲೇ ಒಣ ಕಂಬಳಿ ಹೊದಿಸಿ.

ಕಣ್ಣಿಗೆ ಬಿದ್ದಿದ್ದರೆ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಗಿನ ಕಡೆಗೆ ಹರಿಯುವಂತೆ, ಮೆಲ್ಲಗಿನ ಧಾರೆಯಲ್ಲಿ ಅಷ್ಟೇ ಹೊತ್ತು ತೊಳೆಯಬೇಕು. ನೋವಿನಿಂದ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಇರುತ್ತದೆ, ಇನ್ನೊಬ್ಬರು ಹಿಡಿದು ಬಿಡಿಸದೆ ನೀರು ಒಳಗೆ ಹೋಗುವುದಿಲ್ಲ. ಆಮ್ಲಕ್ಕೆ ಕ್ಷಾರ ಎಂದು ಸುಣ್ಣದ ತಿಳಿಯನ್ನೋ ಅಡುಗೆ ಸೋಡಾವನ್ನೋ ಮೈಗಾಗಲಿ ಕಣ್ಣಿಗಾಗಲಿ ಹಾಕಕೂಡದು. ಅರಿಶಿನ, ತುಪ್ಪ, ತೆಂಗಿನೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ.

ಹೊಗೆ ಕುಡಿದವರನ್ನು ಅರೆಕುಳಿತ ಭಂಗಿಯಲ್ಲಿ ಇರಿಸಿ, ನಡೆಸಬೇಡಿ. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಊದುವುದು ಊದುವವರಿಗೇ ಅಪಾಯ. ಆಂಬ್ಯುಲೆನ್ಸಿನಲ್ಲಿ ಅದಕ್ಕೆಂದೇ ಚೀಲ ಮತ್ತು ಮುಖವಾಡ ಇರುತ್ತವೆ. ನಮ್ಮ ಉಗ್ರಾಣದ ಹುಡುಗನಿಗೆ ಆದಂತೆ, ಈ ಅನಿಲಗಳಿಂದ ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆ ತಡವಾಗಿ, ಕೆಲವೊಮ್ಮೆ 24ರಿಂದ 48 ಗಂಟೆಗಳ ಒಳಗೆ ಕಾಣಿಸಿಕೊಳ್ಳಬಹುದು. ಕೆಮ್ಮು ನಿಂತಿತು, ಈಗ ಹಗುರವಾಗಿದೆ ಎಂದು ರೋಗಿಯೇ ಹೇಳಿದರೂ ಅಂದೇ ವೈದ್ಯರ ನಿಗಾಕ್ಕೆ ಒಪ್ಪಿಸಿ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್ ದಾರಿ, ಘಾಟಿಯ ತುದಿಯಿಂದಾದರೆ ಇನ್ನೂ ಹೆಚ್ಚು. ರಾತ್ರಿ ಉಸಿರು ಕಟ್ಟಿದ ಮೇಲೆ ಹೊರಡುವುದಕ್ಕೂ ಸಂಜೆಯೇ ಹೋಗಿ ಸೇರಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಜೀವದ್ದು.

ಒಣ ಮರಳು ಎಂದರೆ ನಿಜವಾಗಿ ಒಣಗಿದ ಮರಳು

ಇಲ್ಲಿಂದ ಮುಂದಿನದು ದಾರಿಹೋಕರ ಕೆಲಸವಲ್ಲ. ಉಸಿರಾಟಕ್ಕೆ ಬೆನ್ನಮೇಲೆ ಸಿಲಿಂಡರು, ಮೈಗೆ ದ್ರವ ಒಳಬಿಡದ ಪೂರ್ತಿ ಉಡುಪು ತೊಟ್ಟ, ತರಬೇತಾದ ಇಬ್ಬರು ಜೊತೆಯಾಗಿ ಮಾಡಬೇಕಾದದ್ದು, ಮೂರನೆಯವರು ದೂರದಲ್ಲಿ ಅದೇ ಉಡುಪಿನಲ್ಲಿ ಸಿದ್ಧವಾಗಿ ನಿಂತಿರಬೇಕು. ಬಟ್ಟೆಯ ಮಾಸ್ಕಾಗಲಿ, ಪ್ರಯೋಗಾಲಯದ ತೆಳು ಕೈಗವಸಾಗಲಿ ಇವುಗಳ ಮುಂದೆ ಲೆಕ್ಕಕ್ಕಿಲ್ಲ. ಕಾರ್ಖಾನೆಯೊಳಗೆ ಚೆಲ್ಲಿದ್ದು ಒಂದೆರಡು ಲೀಟರ್ ಮಾತ್ರವಾಗಿದ್ದರೂ ನಿಯಮ ಇದೇ.

ಮಾಡಬೇಕಾದದ್ದು ಸರಳ: ಸೋರುವುದನ್ನು ಅಪಾಯವಿಲ್ಲದೆ ನಿಲ್ಲಿಸಲಾದರೆ ನಿಲ್ಲಿಸುವುದು, ಚರಂಡಿಯ ಬಾಯಿಗೆ ಒಡ್ಡು ಹಾಕುವುದು, ಚೆಲ್ಲಿದ್ದರ ಮೇಲೆ ಅಂಚಿನಿಂದ ನಡುವಿನ ಕಡೆಗೆ ಒಣ ಮರಳು ಮುಚ್ಚುವುದು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಳೆಯನ್ನು ತಡೆಯುವುದು. ಕಷ್ಟವಿರುವುದು ‘ಒಣ’ ಎಂಬ ಪದದಲ್ಲಿ. ಜುಲೈ ತಿಂಗಳಲ್ಲಿ ಆಗುಂಬೆ ಅಥವಾ ಹುಲಿಕಲ್ ಸುತ್ತಮುತ್ತ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಲ್ಲಿ, ಹೊರಗಿಟ್ಟ ಯಾವ ವಸ್ತುವೂ ಒಣಗಿರುವುದಿಲ್ಲ. ಹೊಳೆ ದಂಡೆಯಿಂದ ತಂದ ಮರಳು ಎಂದರೆ ಅರ್ಧ ನೀರೇ. ರಸ್ತೆ ಬದಿಯ ಜಂಬಿಟ್ಟಿಗೆ ಮಣ್ಣು ಅದಕ್ಕಿಂತಲೂ ಒದ್ದೆ, ಹಿಂಡಿದರೆ ನೀರಿಳಿಯುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತಿ ಥಯೋನಿಲ್ ಕ್ಲೋರೈಡಿನ ಮೇಲೆ ಹಾಕಿದರೆ ಬಕೆಟ್ ನೀರು ಎರಚಿದ್ದಕ್ಕೆ ಸಮ.

ಮರಳನ್ನು ಪರೀಕ್ಷಿಸಲು ನಾನು ನೆಚ್ಚಿರುವುದು ಮುಷ್ಟಿಯನ್ನೇ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಅಮುಕಿ ಬೆರಳು ಬಿಡಿಸಿ. ಉಂಡೆಯಾಗಿ ಉಳಿದರೆ, ಅಥವಾ ಅಂಗೈಯ ಗೆರೆಗಳಲ್ಲಿ ಕಪ್ಪಗೆ ಅಂಟಿಕೊಂಡರೆ ಅದು ಒದ್ದೆ. ಬೆರಳ ಸಂದಿಯಿಂದ ಗಡಿಯಾರದ ಮರಳಿನಂತೆ ಸರಸರ ಸುರಿದುಹೋಗಿ ಅಂಗೈಯಲ್ಲಿ ಬರೀ ಧೂಳು ಉಳಿದರೆ ಅದು ಕೆಲಸಕ್ಕೆ ಬರುತ್ತದೆ.

ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವ ಹಾಗೂ ಇಲ್ಲ. ಸಾಮಿಲ್ಲಿನ ಮರದ ಹೊಟ್ಟು, ಅಡಿಕೆ ಸಿಪ್ಪೆ, ಭತ್ತದ ಉಮಿ, ಗೋಣಿಚೀಲ, ಹಳೆಬಟ್ಟೆ ಇವೆಲ್ಲ ಎಣ್ಣೆ ಹೀರಲು ಒಳ್ಳೆಯವು. ಸಾಂದ್ರ ಗಂಧಕಾಮ್ಲ, ಓಲಿಯಂ, ಕ್ಲೋರೋಸಲ್ಫೋನಿಕ್ ಆ್ಯಸಿಡ್‌ಗಳ ಮೇಲೆ ಬಿದ್ದರೆ ಕರಿಕಲಾಗಿ, ಬಿಸಿಯೇರಿ, ಹೊತ್ತಿಕೊಳ್ಳಲೂಬಹುದು. ಸುಣ್ಣದ ವಿಷಯದಲ್ಲೂ ಆತುರ ಬೇಡ. ತೋಟಕ್ಕೆಂದು ತಂದಿಟ್ಟ ಸುಣ್ಣ ಮನೆಮನೆಯಲ್ಲೂ ಇರುವುದರಿಂದ ಆಮ್ಲ ಎಂದ ಕೂಡಲೇ ಅದನ್ನು ತಂದು ಸುರಿಯುವ ಉತ್ಸಾಹ ಸಹಜ. ಆದರೆ ಅರಳಿದ ಸುಣ್ಣ ಆಮ್ಲದೊಡನೆ ಸೇರಿದಾಗ ಶಾಖದ ಜೊತೆಗೆ ನೀರೂ ಹುಟ್ಟುತ್ತದೆ, ಆ ನೀರು ಉಳಿದ ದ್ರವವನ್ನು ಕೆರಳಿಸುತ್ತದೆ. ಮರಳಿನಲ್ಲಿ ಹೀರಿಸಿ ತೆಗೆದ ನಂತರ ನೆಲದಲ್ಲಿ ಉಳಿಯುವ ತೆಳು ಪಸೆಗೆ ಮಾತ್ರ ಸುಣ್ಣವನ್ನೋ ಸೋಡಾ ಬೂದಿಯನ್ನೋ ಚಿಟಿಕೆ ಚಿಟಿಕೆಯಾಗಿ ಉದುರಿಸಬಹುದು.

ತೀರಾ ದೊಡ್ಡ ಮೋಡ ಊರಿನ ಕಡೆಗೆ ಹೊರಟಾಗ ಅಗ್ನಿಶಾಮಕ ದಳದವರು ನೀರಿನ ನುಣ್ಣನೆ ತುಂತುರನ್ನು ಗಾಳಿಯಲ್ಲಿ ಪರದೆಯಂತೆ ಹಿಡಿದು ಹೊಗೆಯನ್ನು ಕರಗಿಸುವುದುಂಟು. ಅದನ್ನು ನೋಡಿ ನೀರು ಹಾಕಬಹುದೆಂದು ತಿಳಿಯಬಾರದು. ಆ ತುಂತುರು ಬೀಳುವುದು ಮೋಡದ ಮೇಲೆಯೇ ಹೊರತು ಚೆಲ್ಲಿದ ದ್ರವದ ಮೇಲಾಗಲಿ, ಸೋರುವ ತೂತಿನ ಮೇಲಾಗಲಿ ಅಲ್ಲ. ಹಾಗೆ ಕೆಳಗಿಳಿದ ನೀರು ಕೂಡ ಆಮ್ಲವೇ, ಅದನ್ನೂ ಕಟ್ಟೆ ಕಟ್ಟಿ ಹಿಡಿಯಬೇಕು.

ಹಳ್ಳಕ್ಕೆ ಇಳಿದಿದ್ದರೆ

ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲದಿರುವುದರಿಂದ ಕರಾವಳಿಯ ಟ್ಯಾಂಕರುಗಳು ಹುಲಿಕಲ್ಲಿನ ಬಾಳೆಬರೆ ಘಾಟಿಯನ್ನು ಹತ್ತುತ್ತವೆ. ಆ ಘಾಟಿಯ ಇಳಿಜಾರಿನಲ್ಲಿ ಚೆಲ್ಲಿದ್ದು ವಾರಾಹಿಯ ಕಡೆಗೆ ಹೋದರೆ, ತೀರ್ಥಹಳ್ಳಿಯ ಆಸುಪಾಸಿನಲ್ಲಿ ಚೆಲ್ಲಿದ್ದು ತುಂಗೆಯನ್ನು ಸೇರುತ್ತದೆ. ತುಂಗೆಯಲ್ಲಿ ಚಿಬ್ಬಲಗುಡ್ಡೆಯ ಮತ್ಸ್ಯಧಾಮವಿದೆ. ಕೆಳಗೆ ಗಾಜನೂರಿನ ಅಣೆಕಟ್ಟೆ, ಅದರಾಚೆ ಆ ನೀರನ್ನೇ ಕುಡಿಯುವ ಶಿವಮೊಗ್ಗ ನಗರ. ಆದುದರಿಂದ ಹಳ್ಳಕ್ಕೆ ಇಳಿದಿದೆ ಎಂಬ ಅನುಮಾನ ಬಂದರೂ ಸಾಕು, ಗ್ರಾಮ ಪಂಚಾಯಿತಿಯ ಮೂಲಕ ಕೆಳಪಾತ್ರದ ನೀರೆತ್ತುವ ಪಂಪುಗಳನ್ನು ನಿಲ್ಲಿಸಿಸಬೇಕು, ಬಾವಿಗಳಿಗೆ ಗುರುತು ಕಟ್ಟಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರನ್ನು ಪರೀಕ್ಷಿಸಿ ಹೇಳುವವರೆಗೆ ದನಕರುಗಳನ್ನೂ ಅಲ್ಲಿ ನೀರಿಗೆ ಬಿಡಬಾರದು.

ದ್ರವವಲ್ಲದ ಒಂದು ನೆಂಟ

ಅಕ್ಕಿ ಗಿರಣಿಗಳಲ್ಲೂ ದಾಸ್ತಾನು ಗೋದಾಮುಗಳಲ್ಲೂ ಹುಳು ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು ದ್ರವವಲ್ಲವಾದರೂ ಇದೇ ಸ್ವಭಾವದವು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಮಾರಕ ಅನಿಲ ಹೊರಬರುತ್ತದೆ. ನೀರು ಬಿದ್ದರೆ ಹೊತ್ತಿಕೊಳ್ಳಲೂಬಹುದು. ಮಾಡು ಸೋರುವ ಗೋದಾಮಿನಲ್ಲಿ ಅದರ ಡಬ್ಬಿ ಒಡೆದಿದ್ದರೆ ತೊಳೆಯಲು ಹೋಗದೆ ಬಾಗಿಲು ತೆರೆದಿಟ್ಟು ಹೊರಬಂದು ಕರೆ ಮಾಡಿ. ಇದಕ್ಕೆ ವಿರುದ್ಧವಾಗಿ, ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬೆಳೆಗಾರರು ತರುವ ಫಾರ್ಮಿಕ್ ಆ್ಯಸಿಡ್ ಚರ್ಮವನ್ನು ಸುಡುವುದಾದರೂ ನೀರಿನೊಂದಿಗೆ ಹೀಗೆ ಕೆರಳುವ ಜಾತಿಯದಲ್ಲ. ಆ್ಯಸಿಡ್ ಎಂಬ ಹೆಸರೊಂದನ್ನೇ ನೋಡಿ ತೀರ್ಮಾನಿಸಲಾಗದು, ಡಬ್ಬಿಯ ಮೇಲಿನ ಚೀಟಿಯನ್ನು ಓದಲೇಬೇಕು.

ಎತ್ತಿಟ್ಟ ಮೇಲೂ ಮುಗಿಯುವುದಿಲ್ಲ

ಆಮ್ಲ ಹೀರಿದ ಮರಳು ಇನ್ನೂ ಜೀವಂತವೇ. ಅದನ್ನು ಕಬ್ಬಿಣದ ಡ್ರಮ್ಮಿಗೆ ತುಂಬಿದರೆ, ತೇವ ಸೇರಿ ತೆಳುವಾದ ಆಮ್ಲ ಕಬ್ಬಿಣವನ್ನು ತಿಂದು ಹೈಡ್ರೋಜನ್ ಬಿಡುತ್ತದೆ, ಅದು ಒಂದು ಕಿಡಿಗೆ ಸ್ಫೋಟಿಸುವ ಅನಿಲ. ಸಾಂದ್ರ ಗಂಧಕಾಮ್ಲವನ್ನು ಉಕ್ಕಿನ ಟ್ಯಾಂಕಿನಲ್ಲೇ ಸಾಗಿಸುತ್ತಾರಲ್ಲ ಎಂದು ವಾದಿಸುವವರು ಸಾಂದ್ರವಾಗಿದ್ದಾಗ ಉಕ್ಕಿಗೆ ತಾಗದ್ದು ನೀರು ಬೆರೆತ ಮೇಲೆ ತಾಗುತ್ತದೆಂಬುದನ್ನು ಮರೆಯುತ್ತಾರೆ. ದಪ್ಪ ಪ್ಲಾಸ್ಟಿಕ್ ಡ್ರಮ್ಮನ್ನೇ ಬಳಸಿ, ಪೂರ್ತಿ ತುಂಬದೆ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸದೆ ಇರಿಸಿ. ಒಳಗೆ ಅನಿಲ ಹುಟ್ಟಿದರೆ ಹೊರಹೋಗಲು ದಾರಿ ಬೇಕು. ಡ್ರಮ್ಮಿನ ಮೇಲೆ ರಾಸಾಯನಿಕದ ಹೆಸರನ್ನೂ ದಿನಾಂಕವನ್ನೂ ಬರೆದು, ಮಾಡಿನ ಕೆಳಗೆ ಇಟ್ಟು, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಧಿಕೃತ ವಿಲೇವಾರಿದಾರರಿಗೆ ಒಪ್ಪಿಸಬೇಕು. ಗುಂಡಿ ತೋಡಿ ಹೂಳುವುದು, ಹಿತ್ತಲಿನ ಮೂಲೆಗೆ ಸುರಿಯುವುದು ಮುಂದಿನ ಮಳೆಗೆ ಅದೇ ಹೊಗೆಯನ್ನು ಕರೆಯುವುದೇ ಆಗುತ್ತದೆ.

ಇಂಥ ದ್ರವ ಇಟ್ಟುಕೊಂಡಿರುವ ಕಾರ್ಖಾನೆ, ಉಗ್ರಾಣ, ಕಾಲೇಜಿನ ಪ್ರಯೋಗಾಲಯಗಳವರು ಮುಂಗಾರಿಗೆ ಮೊದಲೇ, ಏಪ್ರಿಲ್ ಕೊನೆಯ ಬಿಸಿಲಿನಲ್ಲಿ, ಮರಳನ್ನು ಟಾರ್ಪಾಲಿನ ಮೇಲೆ ಹರವಿ ಎರಡು ಮೂರು ದಿನ ಕೆದಕುತ್ತಾ ಒಣಗಿಸಲಿ. ರಬ್ಬರ್ ಪಟ್ಟಿಯಿರುವ ಮುಚ್ಚಳದ ಪ್ಲಾಸ್ಟಿಕ್ ಬ್ಯಾರಲ್‌ಗಳಿಗೆ ತುಂಬಿ, ಬ್ಯಾರಲ್‌ಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ ಇಡಲಿ. ಇನ್ನೂರು ಲೀಟರಿನ ಬ್ಯಾರಲ್ ಮರಳು ತುಂಬಿದರೆ ಮುನ್ನೂರು ಕಿಲೋ ದಾಟುತ್ತದೆ, ಇಬ್ಬರಿಂದ ಅಲುಗಾಡಿಸಲೂ ಆಗದು, ಆದುದರಿಂದ ಒಬ್ಬರೇ ಎತ್ತಿಕೊಂಡು ಓಡಬಲ್ಲ ಹದಿನೈದು ಲೀಟರಿನ ಡಬ್ಬಿಗಳೇ ಹೆಚ್ಚಿರಲಿ. ಸಲಿಕೆಯನ್ನು ಅಲ್ಲಿಯೇ ಗೋಡೆಗೆ ತೂಗುಹಾಕಿ, ಮತ್ತು ಅದು ಬೇರೆ ಕೆಲಸಕ್ಕೆ ಹೋಗದಂತೆ ಹಿಡಿಗೆ ಕೆಂಪು ಬಣ್ಣ ಬಳಿಯಿರಿ. ಆಗಸ್ಟ್ ಬಂದಾಗ ಒಂದು ಡಬ್ಬಿಯ ಮುಚ್ಚಳ ತೆಗೆದು ಒಂದು ಮುಷ್ಟಿ ಮರಳು ಅಮುಕಿ ನೋಡಿ. ಉಂಡೆಯಾದರೆ ಆ ಡಬ್ಬಿಯ ರಬ್ಬರ್ ಪಟ್ಟಿ ಹೋಗಿದೆ, ಪಟ್ಟಿ ಬದಲಿಸಿ, ಮರಳನ್ನು ಕಬ್ಬಿಣದ ಬಾಂಡ್ಲಿಯಲ್ಲಿ ಒಲೆಯ ಮೇಲಿಟ್ಟು ಹುರಿದು, ಆರಿದ ಮೇಲೆ ತಿರುಗಿ ತುಂಬಿ.